ಒಂದು ಅಲಿಫಿನಷ್ಟು

ಸಂಜೆಯೊಳಗೆ ಒಂದು ಹೆಸರು ಕಳಿಸಿಬಿಡು ಎಂದು ಹೇಳಿ ಮೇಲಧಿಕಾರಿ ಹ್ಯಾಲರನ್ ಹೊರಟುಹೋದ ಮೇಲೆ ಬಶೀರನಿಗೆ ಮೊದಲು ಹೊಳೆದ ಪ್ರಶ್ನೆ ತನ್ನ ಕೋಣೆಯ ಬಾಗಿಲು ಮುಚ್ಚಬೇಕೋ ತೆರೆದಿಡಬೇಕೋ ಎಂಬುದು. ಮುಚ್ಚಿದರೆ ಏನೋ ನಡೆಯುತ್ತಿದೆ ಎಂದು ಹೊರಗೆ ಕೂತವರಿಗೆ ಗೊತ್ತಾಗುತ್ತದೆ. ತೆರೆದಿಟ್ಟರೆ ಅವರಿಬ್ಬರ ಮುಖ ಕಾಣುತ್ತದೆ. ಅರ್ಧ ಮುಚ್ಚಿ ಬಂದು ಕೂತ. ಅರ್ಧ ಮುಚ್ಚಿದ ಬಾಗಿಲು ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ ಅನ್ನಿಸಿ ಎದ್ದುಹೋಗಿ ಮತ್ತೆ ಪೂರ್ತಿ ತೆರೆದ. ಹೊರಗೆ ಶಂಕರನಾರಾಯಣರು ಕನ್ನಡಕವನ್ನು ಹಣೆಗೇರಿಸಿಕೊಂಡು, ಪರದೆಗೆ ಮೂಗು ತಗಲುವಷ್ಟು ಬಗ್ಗಿ ಓದುತ್ತಿದ್ದರು. ಅವರ ಎದುರಿನ ಮೇಜಿನಲ್ಲಿ ಕ್ಷಮಾ ಒಬ್ಬ ದೈತ್ಯನ ಗಡ್ಡಕ್ಕೆ ಹಿಮ ಹಚ್ಚುತ್ತಿದ್ದಳು. ಮಕ್ಕಳಿಗಾಗಿ ವಿಶ್ವಕೋಶಗಳನ್ನು ಹೊರತರುತ್ತಿದ್ದ ಆ ಕಂಪನಿಗೆ ಹೋದ ಸೆಪ್ಟೆಂಬರಿನಿಂದ ಶಾಲೆಗಳ ಆರ್ಡರು ನಿಂತುಹೋಗಿತ್ತು. ನ್ಯೂಯಾರ್ಕಿಗೆ ಹತ್ತಿರದ ಮಾರಿಸ್‌ಟೌನಿನ ಆ ಕಟ್ಟಡದ ಮೇಲಿನ ಮಹಡಿ ಕ್ರಿಸ್‌ಮಸ್ಸಿಗೆ ಮೊದಲೇ ಖಾಲಿಯಾಗಿ, ಅಲ್ಲಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಬಶೀರನ ವಿಭಾಗದಲ್ಲಿ ಅವನ ಕೈಕೆಳಗೆ ಉಳಿದಿದ್ದವರು ಇಬ್ಬರೇ: ಬರೆಯುವ ಶಂಕರನಾರಾಯಣರು, ಚಿತ್ರ ಬಿಡಿಸುವ ಕ್ಷಮಾ. ಜಗತ್ತಿನ ಪುರಾಣಗಳ ಸಂಪುಟದಲ್ಲಿ ಉತ್ತರ ಯುರೋಪಿನ ಹಿಮದೈತ್ಯರ ಭಾಗವನ್ನು ಅವರು ಮುಗಿಸುತ್ತ ಬಂದಿದ್ದರು. ಇಬ್ಬರಲ್ಲಿ ಒಬ್ಬರು ಹೋಗಬೇಕು. “ಅವರು ನಿನ್ನ ಜನ, ನಿನಗೇ ಚೆನ್ನಾಗಿ ಗೊತ್ತಿರುತ್ತೆ,” ಎಂದಿದ್ದ ಹ್ಯಾಲರನ್, ದಯೆಯಿಂದಲೇ.

ಗೊತ್ತಿರುವುದೇ ತೊಂದರೆಯಾಗಿತ್ತು. ಕೆಲಸ ಹೋದರೆ ಕ್ಷಮಾಳ ವೀಸಾ ಅದರ ಹಿಂದೆಯೇ ಹೋಗುತ್ತದೆ. ಧಾರವಾಡದ ಆ ಹುಡುಗಿ ಬಾಡಿಗೆ ಮನೆ ಖಾಲಿ ಮಾಡಿ ವಿಮಾನ ಹತ್ತಬೇಕು. ಶಂಕರನಾರಾಯಣರಿಗೆ ವೀಸಾದ ಚಿಂತೆಯಿಲ್ಲ, ಅವರು ಸಿಟಿಜನ್ ಆಗಿ ಎಷ್ಟೋ ಕಾಲವಾಗಿತ್ತು. ಆದರೆ ಅವರ ಹೆಂಡತಿ ಉಷಾಗೆ ಕೀಮೋ ನಡೆಯುತ್ತಿತ್ತು, ಅದರ ಇನ್ಶೂರೆನ್ಸ್ ಇವರ ಈ ಕೆಲಸಕ್ಕೆ ಅಂಟಿಕೊಂಡಿತ್ತು. ಕೂದಲು ಉದುರಿದ ಮೇಲೆ ಜಾರದ ಹಾಗೆ ತಲೆಗೆ ದುಪಟ್ಟ ಕಟ್ಟುವುದನ್ನು ಆಕೆಗೆ ಹೇಳಿಕೊಟ್ಟವಳು ಬಶೀರನ ಹೆಂಡತಿ ಖುರ್ಷೀದಾ. ಅವತ್ತು ಇಬ್ಬರು ಹೆಂಗಸರೂ ಕನ್ನಡಿಯ ಮುಂದೆ ನಿಂತು ಅದೇಕೋ ನಕ್ಕಿದ್ದು, ಹಾಲ್‌ನಲ್ಲಿ ಕೂತ ಗಂಡಸರಿಬ್ಬರೂ ಆ ನಗು ಕೇಳಿ ಒಬ್ಬರ ಮುಖ ಒಬ್ಬರು ನೋಡಲಾರದೆ ಟೀವಿಯ ಕಡೆ ತಿರುಗಿದ್ದು ಬಶೀರನಿಗೆ ನೆನಪಾಯಿತು. ಹಾಗೆ ನೆನಪಾದದ್ದು ಅನ್ಯಾಯ ಅನ್ನಿಸಿತು. ಒಂದು ಕಡೆಗೆ ಇಂಥ ನೆನಪು ಬಂದರೆ ಇನ್ನೊಂದು ಕಡೆಗೂ ಅಷ್ಟೇ ತೂಕದ್ದು ಬರಬೇಕಲ್ಲವೇ ಎಂದು ಕ್ಷಮಾಳ ಬಗ್ಗೆ ಹುಡುಕಿದ. ಅವಳು ಪೆನ್ಸಿಲ್ ಕಚ್ಚುತ್ತಾಳೆ ಎನ್ನುವುದು ಬಿಟ್ಟರೆ ಏನೂ ಸಿಗಲಿಲ್ಲ. ತಲೆಯೆತ್ತಿದರೆ ಅವಳೇ ಬಾಗಿಲಲ್ಲಿ ನಿಂತಿದ್ದಳು.

“ಸರ್, ಐದು ನಿಮಿಷ ಟೈಮ್ ಅದನ್ರಿ? ನಿಮ್ಮ ಕೂಡ ಒಂದ್ ಮಾತು ಆಡೋದಿತ್ತು.”

“ಈಗ ಒಂದು ಕಾಲ್ ಇದೆಯಮ್ಮ,” ಎಂದ ಬಶೀರ. ಹೇಳಿದ ಮೇಲೆ ಫೋನನ್ನು ಎತ್ತಿಕೊಳ್ಳಲೇಬೇಕಾಯಿತು. “ಮಧ್ಯಾಹ್ನದ ಮೇಲೆ ನೋಡೋಣ.”

ಅವಳು ಹೋದ ಮೇಲೂ ಫೋನು ಕಿವಿಯಲ್ಲೇ ಇತ್ತು. ತೆರೆದ ಬಾಗಿಲಾಚೆಯಿಂದ ಅವಳು ನೋಡುತ್ತಿರಬಹುದೆಂದು ಎರಡು ಸಲ ‘ಯೆಸ್, ಯೆಸ್’ ಅಂದ. ಅಂಗಲಾಚಲು ಬಂದಿದ್ದಳು, ಸಂಶಯವೇ ಇಲ್ಲ. ಸುದ್ದಿ ಹೇಗೋ ಹೊರಬಿದ್ದಿದೆ. ಅವಳ ಕಣ್ಣೀರು ನೋಡಿದರೆ ತೀರ್ಮಾನ ತನ್ನದಾಗಿ ಉಳಿಯುವುದಿಲ್ಲ ಎಂದುಕೊಂಡ. ತೀರ್ಮಾನ ಎನ್ನುವುದು ತನ್ನೊಳಗೆ ಆಗಲೇ ಇದೆಯೇ, ಇದ್ದರೆ ಯಾವ ಕಡೆಗಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಶಂಕರನಾರಾಯಣರು ಎಂದಿನಂತೆ ಎದುರಿಗೆ ಬಂದು ಕೂತರು. ಉಷಾ ಮಲಗಿದಾಗಿನಿಂದ ಅವರೇ ಅಡಿಗೆ ಮಾಡಿಕೊಂಡು ಬರುತ್ತಿದ್ದರು. ಮೊಸರನ್ನಕ್ಕೆ ಒಗ್ಗರಣೆ ಕಪ್ಪಾಗಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿದ್ದವರು ಅವರು. ಅದಕ್ಕೇ ಬಶೀರ ಅವರನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದ, ಆಫೀಸಿನಲ್ಲಿ ಅವರಿಗಿಂತ ಮೇಲಿನವನಾದ ಮೇಲೂ.

“ಇವತ್ತು ಮುದುಕಿ ಪುಟ ಮುಗಿಸಿದೆ ಸಾಹೇಬ್ರೆ,” ಎಂದರು. “ಥಾರ್ ಅಂದ್ರೆ ಗುಡುಗಿನ ದೇವರು, ಕಂಡ ಕಂಡ ದೈತ್ಯರ ತಲೆ ಒಡೆದವನು. ಅವರ ಅರಮನೆಗೇ ಹೋಗಿ, ಯಾರಾದ್ರೂ ಕುಸ್ತಿಗೆ ಬನ್ನಿ ಅಂತಾನೆ. ದೈತ್ಯರ ರಾಜ ನಗ್ತಾನೆ. ನಿನಗೆ ನಮ್ಮ ಗಂಡಸರು ಯಾಕಪ್ಪಾ, ನನ್ನನ್ನ ಸಾಕಿದ ಒಬ್ಬಳು ಮುದುಕಿ ಇದ್ದಾಳೆ, ಅವಳೇ ಸಾಕು ಅಂತಾನೆ. ಇವನು ಎಷ್ಟು ಜಗ್ಗಿದ್ರೂ ಅವಳು ಅಲ್ಲಾಡಲ್ಲ. ಕೊನೆಗೆ ಇವನೇ ಒಂದು ಮಂಡಿ ಊರ್ತಾನೆ.”

“ಯಾರು ಮುದುಕಿ?”

“ಮುಪ್ಪು. ಮುಪ್ಪೇ ಹೆಂಗಸಾಗಿ ನಿಂತಿರೋದು. ಅವಳ ಹೆಸರೇ ‘ಎಲ್ಲಿ’. ಇಲ್ಲಿಯವರಿಗೆ ಇದರ ತಮಾಷೆ ಗೊತ್ತಾಗಲ್ಲ ನೋಡಿ. ಎಲ್ಲಿ ಅಂತ ಕೇಳಿದ್ರೆ ಎಲ್ಲಿ ಅಂತಾನೇ ಉತ್ತರ.” ಅವರು ಸ್ವಲ್ಪ ಹೊತ್ತು ಅನ್ನ ಕಲಸಿದರು. “ನಿನ್ನೆ ಉಷಾಗೆ ಈ ಕಥೆ ಹೇಳ್ದೆ. ಥಾರ್ ಪುಣ್ಯವಂತ ರೀ, ಮುಪ್ಪಿನ ಕೈಗೆ ಸಿಗೋ ತನಕ ಬದುಕಿದ್ನಲ್ಲ, ಅಂದ್ಲು.”

ಶಂಕರನಾರಾಯಣರು ಡಬ್ಬಿ ಮುಚ್ಚಿ, ದನಿ ತಗ್ಗಿಸಿ, “ಕ್ಷಮಾ ಜೊತೆ ಇವತ್ತೇ ಒಂದು ಸಲ ಮಾತಾಡಿಬಿಡಿ. ಅವಳು ನಿಮಗೆ ಏನೋ ಹೇಳ್ಬೇಕಂತೆ. ನಾನು ಹೇಳೋದು ಸರಿಯಲ್ಲ, ಅವಳ ಬಾಯಿಂದಲೇ ಬರಲಿ,” ಎಂದರು. ನೋಡ್ತೀನಿ ಮೇಷ್ಟ್ರೇ ಎಂದ ಬಶೀರನಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ತನ್ನ ಕೆಲಸವೇ ಅಲ್ಲಾಡುತ್ತಿರುವಾಗ ಇನ್ನೊಬ್ಬಳ ಪರವಾಗಿ ವಕಾಲತ್ತು ಮಾಡುತ್ತಿದ್ದಾನೆ. ಇಷ್ಟು ದೊಡ್ಡವನಾಗಿರಲು ಇವನಿಗೆ ಯಾರು ಅನುಮತಿ ಕೊಟ್ಟರು.

ಕೋಣೆಗೆ ಮರಳುವಾಗ ಮೆಟ್ಟಿಲಲ್ಲಿ ಅವನಿಗೆ ಹ್ಯಾಲರನ್‌ನ ಮೀಟಿಂಗುಗಳು ನೆನಪಾದವು. ತಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹಿಡಿದು ಅರ್ಧ ದಾರಿಯಲ್ಲಿ ತಡವರಿಸುತ್ತಲೇ ಪಕ್ಕದಿಂದ ಆ ಮೆತ್ತನೆಯ ದನಿ: ವಾಟ್ ಬಶೀರ್ ಮೀನ್ಸ್ ಈಸ್. ಪ್ರತಿ ಸಲವೂ ಶಂಕರನಾರಾಯಣರು ಸರಿಯಾಗಿಯೇ ಹೇಳುತ್ತಿದ್ದರು, ತಾನು ಹೇಳಬಹುದಾಗಿದ್ದಕ್ಕಿಂತ ಚೆನ್ನಾಗಿಯೇ. ಹ್ಯಾಲರನ್ ಅವರ ಕಡೆ ತಿರುಗಿ ತಲೆದೂಗುತ್ತಿದ್ದ. ಆಮೇಲೆ ಮೀಟಿಂಗ್ ಮುಗಿಯುವವರೆಗೂ ಅವನ ಕಣ್ಣು ಆ ಕಡೆಗೇ ಇರುತ್ತಿತ್ತು. ಹೋದ ಯುಗಾದಿಗೆ ಅವರ ಮನೆಯಲ್ಲಿ, ಹತ್ತಾರು ಜನರ ನಡುವೆ, ಬಶೀರ ಯಾರಿಗೋ ಅವರನ್ನು ಪರಿಚಯ ಮಾಡಿಕೊಡುತ್ತ ಶಂಕರನರಾಯಣ ಎಂದಿದ್ದ. “ನರಾಯಣ ಅಲ್ಲ ಸಾಹೇಬ್ರೆ, ನಾರಾಯಣ. ನಾ ದೀರ್ಘ. ಆ ದೀರ್ಘ ಹೋದ್ರೆ ದೇವರೇ ಹೋದ ಹಾಗೆ,” ಎಂದು ಅವರು ಅವನ ಬೆನ್ನು ತಟ್ಟಿದ್ದರು. ಎಲ್ಲರೂ ನಕ್ಕಿದ್ದರು. ಬಶೀರನೂ ನಕ್ಕಿದ್ದ. ಮೈಸೂರಿನಲ್ಲೇ ಹುಟ್ಟಿ ಬೆಳೆದವನು, ಶಾಲೆಯಲ್ಲಿ ಕನ್ನಡಕ್ಕೆ ಬಹುಮಾನ ತಗೊಂಡವನು. ಆದರೂ ಅವತ್ತು ಆ ನಗುವಿನಲ್ಲಿ, ಪಾಪ ಸಾಬರು, ಅವರಿಗೆ ಹೇಗೆ ಬರಬೇಕು ಎಂಬುದೊಂದು ಇತ್ತೋ ಇಲ್ಲವೋ. ಇರಲಿಲ್ಲವೆಂದೇ ಖುರ್ಷೀದಾ ಹೇಳಿದ್ದಳು. ಇಲ್ಲದ್ದನ್ನು ಹುಡುಕಿ ಯಾಕೆ ಮನೆಗೆ ತರ್ತೀರಿ ಎಂದಿದ್ದಳು.

ಬಾಗಿಲು ಈಗ ಮುಚ್ಚಿದ. ಮೇಜಿನ ಮೇಲಿದ್ದ ದೈತ್ಯನ ಚಿತ್ರದ ಹಾಳೆಯನ್ನು ಮಗುಚಿ ಹಾಕಿ ಅದರ ಬೆನ್ನಿನ ಮೇಲೆ ಎರಡು ಹೆಸರು ಬರೆದ. ಇಂಗ್ಲಿಷಿನಲ್ಲಿ ಬರೆಯಬೇಕೆಂದಿದ್ದವನ ಕೈ ಬಲದಿಂದ ಎಡಕ್ಕೆ, ಮದರಸಾದಲ್ಲಿ ಕಲಿತ ಲಿಪಿಯಲ್ಲಿ ಹೊರಟಿತು. ಅವನ ದಾದಾ, ಅಪ್ಪನ ಅಪ್ಪ, ಮಂಡಿ ಮೊಹಲ್ಲಾದ ಮನೆಯ ಜಗುಲಿಯಲ್ಲಿ ಕೂತು ಹೆಸರುಗಳ ಲೆಕ್ಕ ಹಾಕುತ್ತಿದ್ದರು. ಆ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಅಲಿಫ್ ಎಂಬ ನೆಟ್ಟಗಿನ ಗೀಟಿಗೆ ಒಂದು, ಅಲ್ಲಿಂದ ಏರುತ್ತ ಸಾವಿರದವರೆಗೆ. ಮಗು ಹುಟ್ಟಿದ ಮನೆಯವರು, ಮದುವೆ ಕುದುರಿಸುವವರು ಬರುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಕೋರ್ಟಿನಲ್ಲಿ ವ್ಯಾಜ್ಯ ಇದ್ದವರು ಬರುತ್ತಿದ್ದರು. ದಾದಾ ವಾದಿಯದೊಂದು, ಪ್ರತಿವಾದಿಯದೊಂದು ಮೊತ್ತ ತೆಗೆದು, ಎರಡನ್ನೂ ಒಂಬತ್ತರಿಂದ ಭಾಗಿಸಿ, ಉಳಿದ ಶೇಷಗಳನ್ನು ಅಕ್ಕಪಕ್ಕ ಇಡುತ್ತಿದ್ದರು. ಎರಡೂ ಬೆಸ ಅಥವಾ ಎರಡೂ ಸಮವಾದರೆ ಚಿಕ್ಕದು ಗೆಲ್ಲುತ್ತದೆ. ಒಂದು ಬೆಸ ಒಂದು ಸಮವಾದರೆ ದೊಡ್ಡದು. ಸೈನ್ಸ್ ಮಾಸ್ತರರಾಗಿದ್ದ ಅಪ್ಪನಿಗೆ ಇದೆಲ್ಲ ಅಸಹ್ಯ. ಅಪ್ಪನ ಮಗನಾಗಿಯೇ ಬೆಳೆದ ಬಶೀರ ಒಮ್ಮೆ ಕೇಳಿದ್ದ, ಯಾರು ಗೆಲ್ತಾರೆ ಅಂತ ಹೆಸರಿಗೆ ಹೇಗೆ ಗೊತ್ತಾಗುತ್ತೆ ದಾದಾ ಎಂದು. “ಹೆಸರಿಗೆ ಏನೂ ಗೊತ್ತಿಲ್ಲ ಬೇಟಾ. ಕೇಳೋಕೆ ಬಂದವನಿಗೆ ಗೊತ್ತಿರುತ್ತೆ. ಅವನ ಮುಖ ನೋಡ್ತಾ ಕೂಡಿಸ್ಬೇಕು.”

ಕ್ಷಮಾಳ ಹೆಸರು ಸುಲಭವಾಗಿತ್ತು. ಕಾಫ್, ಶೀನ್, ಮೀಮ್, ಅಲಿಫ್: ಮುನ್ನೂರ ಅರವತ್ತೊಂದು. ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ಒಂದು. ಶಂಕರನಾರಾಯಣರದು ಉದ್ದವಾಗಿತ್ತು. ಬಾಯಿಗೆ ಬಂದ ಹಾಗೆ, ನರಾಯಣ ಎಂದೇ ಬರೆದು ಕೂಡಿಸಿದ. ಎಂಟುನೂರ ಎಂಬತ್ತೊಂದು. ಶೇಷ ಎಂಟು. ಒಂದು ಬೆಸ, ಎಂಟು ಸಮ, ದೊಡ್ಡದು ಗೆದ್ದಿತು. ಶಂಕರನಾರಾಯಣರು ಉಳಿದರು. ಪೆನ್ನು ಕೆಳಗಿಟ್ಟು ಒರಗಿ ಕೂತವನಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ತನ್ನ ನಂಬರು ಕಾಣದೆ ಹೋದ ಹಾಗಾಯಿತು. ಆ ಭಾವವನ್ನು ಅವನು ಚೆನ್ನಾಗಿಯೇ ಗುರುತಿಸಿದ. ಎದುರಿಗೆ ದಾದಾ ಕೂತಿದ್ದರೆ ಇಷ್ಟು ಹೊತ್ತಿಗೆ ಓದಿಬಿಟ್ಟಿರುತ್ತಿದ್ದರು. ಒಂದು ಕ್ಷಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಆಮೇಲೆ, ಹೆಸರನ್ನು ಹೇಗೆ ಬೇಕಾದರೂ ಬರೆಯುವುದು ಸರಿಯಲ್ಲ, ಮೇಷ್ಟರು ಅದರಲ್ಲಿ ಬಹಳ ಕಟ್ಟುನಿಟ್ಟು, ಅವರೇ ಹೇಳಿದ್ದಾರೆ ನಾ ದೀರ್ಘ ಎಂದು, ಎಂದುಕೊಳ್ಳುತ್ತ, ನಕಾರದ ಪಕ್ಕದಲ್ಲಿ ಒಂದು ಅಲಿಫ್ ಎಳೆದ. ಒಂದೇ ಗೀಟು. ಎಂಟುನೂರ ಎಂಬತ್ತೆರಡು. ಶೇಷ ಸೊನ್ನೆ, ಸೊನ್ನೆ ಬಂದರೆ ಒಂಬತ್ತೆಂದೇ ಹಿಡಿಯುತ್ತಿದ್ದರು ದಾದಾ. ಒಂದೂ ಬೆಸ, ಒಂಬತ್ತೂ ಬೆಸ. ಚಿಕ್ಕದು ಗೆದ್ದಿತು. ಕ್ಷಮಾ ಉಳಿದಳು.

ಹ್ಯಾಲರನ್‌ಗೆ ಬರೆದ ಇಮೇಲಿನಲ್ಲಿ ಸಂಖ್ಯೆಗಳ ಮಾತಿರಲಿಲ್ಲ. ಕ್ಷಮಾಳ ವೀಸಾದ ಬಗ್ಗೆ ಇತ್ತು, ಸಂಪುಟದ ಬರವಣಿಗೆ ಹೆಚ್ಚುಕಡಿಮೆ ಮುಗಿದು ಚಿತ್ರಗಳಷ್ಟೇ ಬಾಕಿಯಿರುವ ಬಗ್ಗೆ ಇತ್ತು. ಓದಿ ನೋಡಿದರೆ ಎಲ್ಲವೂ ನ್ಯಾಯವಾಗಿಯೇ ಕಾಣುತ್ತಿತ್ತು, ವಾಕ್ಯಗಳು ಕೂಡ ಎಲ್ಲೂ ತಡವರಿಸಿರಲಿಲ್ಲ. ಕಳಿಸಿ, ಕೋಟು ಹಾಕಿಕೊಂಡು, ಕ್ಷಮಾ ಕುರ್ಚಿಯಿಂದ ಏಳುವುದನ್ನು ಓರೆಗಣ್ಣಲ್ಲಿ ಕಂಡು, ಹಿಂಬಾಗಿಲಿನಿಂದ ಇಳಿದ. ಟ್ರೇನಿನಲ್ಲಿ, ಅವನ ಮನೆಯಿದ್ದ ಡೋವರ್ ಇನ್ನೂ ದೂರವಿತ್ತು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡುತ್ತ ಕೂತಿದ್ದಾಗ, ಆ ವಿಭಾಗದಲ್ಲಿ ಮೂರನೆಯದೊಂದು ಹೆಸರು ಇತ್ತಲ್ಲ ಎಂಬುದು ಹೊಳೆಯಿತು. ಅವನಿಗೆ ಗ್ರೀನ್ ಕಾರ್ಡ್ ಇತ್ತು, ಖುರ್ಷೀದಾಳ ಫಾರ್ಮಸಿ ಕೆಲಸವಿತ್ತು, ಅವಳ ಇನ್ಶೂರೆನ್ಸಿನಲ್ಲಿ ಇಡೀ ಮನೆ ಬರುತ್ತಿತ್ತು. ಬೆಳಗಿನಿಂದ ಆ ಹೆಸರು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಬಂದು ಬೇಡವೆಂದು ಬಿಟ್ಟಿದ್ದರೆ ಅದೊಂದು ಮಾತು. ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಶಂಕರನಾರಾಯಣರನ್ನು ಕೆಳಗಿನ ಮಹಡಿಗೆ ಕರೆದರು. ಹಿಂದಿರುಗಿದಾಗ ಅವರ ಪಕ್ಕದಲ್ಲಿ ಸೆಕ್ಯುರಿಟಿಯವನಿದ್ದ. ನಾಚಿಕೆಯಿಂದ ಅವನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ. ಅವರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಡಬ್ಬಿಯ ಚೀಲ ಎತ್ತಿಕೊಂಡು, ಬಶೀರನ ಬಾಗಿಲಿಗೆ ಬಂದರು. ಮುಖ ಬಿಳಿಚಿತ್ತು. “ಮುದುಕಿ ಪುಟ ಇನ್ನೊಂದ್ಸಲ ಓದಿ ಸಾಹೇಬ್ರೆ. ಕೊನೇ ಪ್ಯಾರಾ ಅವಸರದಲ್ಲಿ ಬರೆದುಬಿಟ್ಟಿದ್ದೀನಿ,” ಎಂದರು. ಬಶೀರ ಎದ್ದು ನಿಂತ. ಕೈ ಚಾಚಬೇಕೋ ಬೇಡವೋ ಎನ್ನುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಕ್ಷಮಾ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಕೇಳದೆಯೇ ಕುರ್ಚಿ ಎಳೆದು ಕೂತಳು. ಮೂಗು ಕೆಂಪಾಗಿತ್ತು.

“ನಿನ್ನೆ ಹೇಳಲಿಕ್ಕೆ ಎರಡು ಸಲ ಬಂದಿದ್ದೆ ಸರ್. ನಾ ಮುಂದಿನ ತಿಂಗಳು ಊರಿಗೆ ಹೊಂಟೀನ್ರಿ. ಹುಬ್ಬಳ್ಳಿ ಸಾಲಿ ಒಂದರಾಗ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕದ. ನನಗ ಈ ಥಂಡಿ, ಈ ವೀಸಾ ಎಲ್ಲಾ ಸಾಕಾಗೇದ. ಶಂಕರ್ ಅಂಕಲ್‌ಗ ಮೊದಲ ಹೇಳಿದ್ದೆ. ಬಶೀರ್ ಸಾಹೇಬರಿಗೆ ಇವತ್ತ ಹೇಳಿಬಿಡಮ್ಮ, ಪಾಪ ಅವರ ತಲಿಮ್ಯಾಲ ಏನೋ ಭಾರ ಅದ, ಇಳೀತದ ಅಂದ್ರು.”

ಬಶೀರ ಅವಳ ಬಾಯಿಯನ್ನೇ ನೋಡುತ್ತಿದ್ದ. ಅವಳು ಹೇಳಿ ಮುಗಿಸಿದ ಮೇಲೂ ಅದು ಅಲ್ಲಾಡುತ್ತಿರುವ ಹಾಗೆ ಕಂಡಿತು. “ಅವರನ್ನ ಹೊರಗ ಹಾಕಿದವರು ಯಾರ್ರಿ ಸರ್?” ಎಂದಳು ಅವಳು. ಅವನು ಮೇಲಿನವರು ಎಂದ. ಕೈ ಕೂಡ ಮೇಲೆ ತೋರಿಸಿತು, ಕುರ್ಚಿಗಳನ್ನು ಪೇರಿಸಿಟ್ಟಿದ್ದ ಖಾಲಿ ಮಹಡಿಯ ಕಡೆಗೆ.

ಮೇಷ್ಟರನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಹೋದ ಬಶೀರನ ಮಾತನ್ನು ಹ್ಯಾಲರನ್ ಪೂರ್ತಿ ಕೇಳಿಸಿಕೊಂಡ. ಬಶೀರ ತಡವರಿಸಿದಲ್ಲೆಲ್ಲ ತಾಳ್ಮೆಯಿಂದ ಕಾದ, ಯಾಕೆಂದರೆ ವಾಕ್ಯವನ್ನು ಮುಗಿಸಿಕೊಡುವವರು ಈಗ ಯಾರೂ ಇರಲಿಲ್ಲ. “ಕಾಗದಪತ್ರ ಎಲ್ಲ ಆಗಿಹೋಗಿದೆ,” ಎಂದ. “ಹುಡುಗಿ ತಾನೇ ಹೋಗುತ್ತಾಳೆಂದರೆ ಆ ಜಾಗವನ್ನೂ ತುಂಬುವುದಿಲ್ಲ. ನ್ಯೂಯಾರ್ಕಿನ ಹೆಡ್ಡಾಫೀಸಿನವರಿಗೆ ಸಂತೋಷವಾಗುತ್ತೆ.” ಬಶೀರ, ತಪ್ಪು ನನ್ನದು ಎಂದ. ಹ್ಯಾಲರನ್ ಎದ್ದು ಬಂದು ಭುಜದ ಮೇಲೆ ಕೈಯಿಟ್ಟು, ನಿನ್ನ ಕಾರಣಗಳು ಸರಿಯಾಗಿಯೇ ಇದ್ದವು, ನಾನು ಓದಿದೆನಲ್ಲ ಎಂದು ಸಮಾಧಾನ ಹೇಳಿದ.

ಖುರ್ಷೀದಾಗೆ ಸುದ್ದಿ ಉಷಾಳಿಂದಲೇ ತಿಳಿದಿತ್ತು. “ನಿಮ್ಮ ಕೈಯಲ್ಲಿ ಏನೂ ಇರ್ಲಿಲ್ವಾ?” ಎಂದು ಕೇಳಿದಳು. ಇಲ್ಲ ಎಂದ. ಅವಳು ಒಂದು ಗಳಿಗೆ ಅವನನ್ನೇ ನೋಡಿ, ಒಲೆಯ ಮೇಲಿದ್ದುದನ್ನು ತಿರುವುತ್ತ, ಶನಿವಾರ ಹೋಗಿ ಬನ್ನಿ ಎಂದಳು. ನಾನು ಬರಲ್ಲ ಎಂದಳು.

ಶುಕ್ರವಾರವೆಲ್ಲ ಹಿಮ ಬಿದ್ದಿತ್ತು. ಪಾರ್ಸಿಪನಿಯ ಆ ಬೀದಿಯಲ್ಲಿ ಶಂಕರನಾರಾಯಣರು ಮಂಗನ ಟೋಪಿ ಹಾಕಿಕೊಂಡು ಮನೆಯ ಮುಂದಿನ ಡ್ರೈವ್‌ವೇಯಿಂದ ಹಿಮ ಎತ್ತಿ ಹಾಕುತ್ತಿದ್ದರು. ನಾಲ್ಕು ಸಲಿಕೆ ಎತ್ತುವುದು, ನಿಂತು ಸೊಂಟ ಹಿಡಿದುಕೊಳ್ಳುವುದು. ಬಶೀರ ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ ಇಳಿದ. ಅವರು ತಲೆಯೆತ್ತಿ ನೋಡಿದರು. ಬನ್ನಿ ಎನ್ನಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. “ಗರಾಜಿನಲ್ಲಿ ಇನ್ನೊಂದು ಸಲಿಕೆ ಇದೆ,” ಎಂದರು. “ಸೋಮವಾರ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗಟ್ಟಿಯಾದ್ರೆ ಕಾರು ಈಚೆಗೆ ಬರಲ್ಲ.”

ಇಬ್ಬರೂ ಎರಡು ತುದಿಯಿಂದ ಎತ್ತತೊಡಗಿದರು. ಮೇಲಿನ ಹಿಮ ಹಗುರಾಗಿತ್ತು, ಅಡಿಯದು ಒದ್ದೆಯಾಗಿ ಕಲ್ಲಿನ ಹಾಗಿತ್ತು. ಸೋಮವಾರ ಸರಿ, ಅದರಾಚೆಯ ಸೋಮವಾರಗಳು ಹೇಗೆ ಎಂದು ಕೇಳಲು ಬಶೀರನಿಗೆ ಧೈರ್ಯವಾಗಲಿಲ್ಲ. ದಾರಿಯುದ್ದಕ್ಕೂ ಅವನು ಒಂದು ವಾಕ್ಯವನ್ನು ಕನ್ನಡದಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ. ಪ್ರತಿ ಸಲ ಸಲಿಕೆ ಎತ್ತುವಾಗಲೂ ಈಗ ಎಂದುಕೊಳ್ಳುತ್ತಿದ್ದ, ಎತ್ತಿ ಹಾಕಿದ ಮೇಲೆ ಇನ್ನೊಂದು ಸಲಕ್ಕೆ ಮುಂದೂಡುತ್ತಿದ್ದ. ಕೊನೆಗೆ ಎರಡು ತುದಿಗಳೂ ನಡುವೆ ಸೇರಿ, ಇಬ್ಬರ ನಡುವೆ ಒಂದೇ ಒಂದು ಗುಪ್ಪೆ ಉಳಿದಾಗ ನೆಟ್ಟಗೆ ನಿಂತ.

“ಮೇಷ್ಟ್ರೇ, ನಾನು ನಿಮಗೆ ಒಂದು ಮಾತು...”

“ಬೇಡಿ,” ಎಂದರು ಶಂಕರನಾರಾಯಣರು. ದನಿ ಎಂದಿನಂತೆ ಮೆತ್ತಗೇ ಇತ್ತು. ಅವನ ಮುಖ ನೋಡದೆ, ಸಲಿಕೆಗೆ ಮೆತ್ತಿದ್ದ ಹಿಮವನ್ನು ಬೂಟಿನಿಂದ ಕೆರೆದು ಬೀಳಿಸುತ್ತಿದ್ದರು. “ನೀವು ಹೇಳಿಬಿಟ್ರೆ ನಾನು ನಿಮ್ಮನ್ನ ಕ್ಷಮಿಸ್ಬೇಕಾಗುತ್ತೆ. ಕ್ಷಮಿಸದೆ ಇರೋದು ನನಗೆ ಅಭ್ಯಾಸ ಇಲ್ಲ, ನೀವು ಬಲ್ಲಿರಿ. ಆದ್ರೆ ಈಗ ಅದಕ್ಕೆ ನನ್ನಲ್ಲಿ ತ್ರಾಣ ಇಲ್ಲ. ಇರೋದಿಷ್ಟನ್ನ ಅವಳಿಗೆ ಇಟ್ಕೋಬೇಕು.”

ಉಳಿದ ಗುಪ್ಪೆಯನ್ನು ಅವರೇ ಎತ್ತಿ ಹಾಕಿದರು. ಸಲಿಕೆಯನ್ನು ಗೋಡೆಗೆ ಒರಗಿಸಿ, ಬಾಗಿಲ ಬಳಿ ಬೂಟುಗಳನ್ನು ನೆಲಕ್ಕೆ ಬಡಿದು ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು, ಅಗುಳಿ ಹಾಕಿದ ಸದ್ದು ಬರಲಿಲ್ಲ. ಬಶೀರ ನಿಂತೇ ಇದ್ದ. ಬೆವರು ಆರಿ ಬೆನ್ನು ತಣ್ಣಗಾಗತೊಡಗಿತು. ಸಿದ್ಧಮಾಡಿಕೊಂಡು ಬಂದಿದ್ದ ವಾಕ್ಯ ಹಾಗೇ ಪೂರ್ತಿಯಾಗಿ ಬಾಯಲ್ಲಿತ್ತು, ಇನ್ನು ಅದನ್ನು ಹೇಳಬಹುದಾದ ಜಾಗ ಎಲ್ಲೂ ಇರಲಿಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ಏನೋ ಅಲ್ಲಾಡಿದಂತಾಯಿತು. ಉಷಾ ಗಾಜಿಗೆ ಹತ್ತಿರವಾಗಿ ನಿಂತು, ಕಾಫಿಯ ಲೋಟ ಎತ್ತಿ ತೋರಿಸಿ, ಒಳಗೆ ಬನ್ನಿ ಎಂದು ಕರೆಯುತ್ತಿದ್ದಳು. ಆಕೆಗೆ ಏನು ಗೊತ್ತಿತ್ತೋ ಏನು ಗೊತ್ತಿರಲಿಲ್ಲವೋ. ಬಶೀರ ಕೈಯೆತ್ತಿದ. ಬರ್ತೀನಿ ಎಂದ, ದನಿಯಿಲ್ಲದೆ, ತುಟಿಗಳಲ್ಲಷ್ಟೇ. ಹೊರಟು ನಿಂತವನು ಹೇಳುವ ಮಾತೂ ಅದೇ. ಆಕೆ ಸ್ವಲ್ಪ ಹೊತ್ತು ಅವನನ್ನು ನೋಡಿದಳು, ಅರ್ಥವಾಯಿತು ಎನ್ನುವಂತೆ ತಲೆದೂಗಿದಳು, ಲೋಟವನ್ನು ಕೆಳಗಿಟ್ಟು ಪರದೆ ಎಳೆದಳು.